ಅನ್ವರಿ ಬಣ್ಣ ಹಚ್ಚಿದ ಊರು

"ಈ ಚಿಮಣಿಗೆ ಕುಂಕುಮ ಬಳಿದವರು ಯಾರ್ರೀ?"

ತೀನ್ ಕಂದೀಲ್ ಚೌಕದ ಹತ್ತಿರದ ಸತ್ತಾರ್ ಸಾಬ್ ಅವರ ಫೋಟೋ ಸ್ಟುಡಿಯೋದಲ್ಲಿ ಈ ಮಾತು ಕೇಳಿಸಿದಾಗ ಪರದೆಯ ಹಿಂದಿನ ಕೋಣೆಯಲ್ಲಿ ಅನ್ವರಿ ಬೇಗಂ ಬ್ರಷ್ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು. ಬಳಿದವಳು ಅವಳೇ.

1982ನೇ ಇಸವಿ. ರಾಯಚೂರಿನಲ್ಲಿ ಕಲರ್ ಫಿಲ್ಮ್ ಇನ್ನೂ ಶ್ರೀಮಂತರ ಸೊತ್ತು. ಮದುವೆಯಾದ ಜೋಡಿಗಳು, ಹಜ್ಜಿಗೆ ಹೊರಟ ಹಿರಿಯರು ಕಪ್ಪು-ಬಿಳುಪು ಫೋಟೋ ತೆಗೆಸಿಕೊಂಡು ಅದಕ್ಕೆ ಕೈಯಿಂದ ಬಣ್ಣ ಹಾಕಿಸುತ್ತಿದ್ದರು. ತಂದೆ ಸತ್ತಾರ್ ಸಾಬ್ ಫೋಟೋ ತೆಗೆಯುತ್ತಿದ್ದರು, ಮಗಳು ಅನ್ವರಿ ಬಣ್ಣ ಹಾಕುತ್ತಿದ್ದಳು. ತುಟಿಗೆ ತುಸು ಕೆಂಪು, ಸೀರೆಗೆ ಗಿರಾಕಿ ಹೇಳಿದ ಬಣ್ಣ. ಸಿಡುಬಿನ ಕಲೆ, ಸುಟ್ಟ ಗಾಯ, ಮೂಗಿನ ಮೇಲಿನ ಗುಳ್ಳೆ ಎಲ್ಲ ಅವಳ ಬ್ರಷ್ಷಿನ ತುದಿಯಲ್ಲಿ ಮಾಯವಾಗುತ್ತಿದ್ದವು. ಅವಳ ಎಡಗೆನ್ನೆಯ ಮೇಲೆ ಮಾತ್ರ, ಕಿವಿಯ ಬುಡದಿಂದ ತುಟಿಯಂಚಿನ ತನಕ, ಹಾಲು ಚೆಲ್ಲಿದ ಹಾಗೆ ತೊನ್ನಿನ ಮಚ್ಚೆಯಿತ್ತು. ಅದಕ್ಕಾಗಿಯೇ ಅವಳಿಗೆ ಪರದೆಯ ಹಿಂದಿನ ಕೆಲಸ ಒಗ್ಗಿಹೋಗಿತ್ತು.

ಹೊರಗೆ ನಿಂತು ಜಗಳಕ್ಕೆ ಬಂದವನು ಮೀರಾಹುಸೇನ, ದೇವದುರ್ಗದವನು. ಕೃಷ್ಣಾ ದಂಡೆಯ ಮೇಲೆ ಏಳುತ್ತಿದ್ದ ವಿದ್ಯುತ್ ಕಾರ್ಖಾನೆಯಲ್ಲಿ ಕಟ್ಟಡದ ಗುತ್ತಿಗೆ ಹಿಡಿದ ಕಂಪನಿಯೊಂದಕ್ಕೆ ತಿಂಗಳು ತಿಂಗಳೂ ಫೋಟೋ ತೆಗೆದು ಕೊಡುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಸೈಕಲ್ ಮೇಲೆ ಊರು ಸುತ್ತಿ, ಬೀಳಲಿರುವ ಕಟ್ಟಡಗಳನ್ನು ಹುಡುಕಿ ಹುಡುಕಿ ಫೋಟೋ ತೆಗೆಯುತ್ತಿದ್ದ. ಹಳೇ ಹತ್ತಿ ಗಿರಣಿಗಳು, ಅವುಗಳ ಚಿಮಣಿಗಳು, ನಿಜಾಮರ ಕಾಲದ ಕಮಾನಿನ ಮನೆಗಳು, ನದಿಯ ಹರಿಗೋಲು ಕಟ್ಟೆ. ಕಾರ್ಖಾನೆ ಶುರುವಾಗುವಾಗ ಕಂಪನಿಯವರು 'ಅಂದು-ಇಂದು' ಎಂಬ ಪ್ರದರ್ಶನ ಇಡುವವರಿದ್ದರು. ಅದಕ್ಕಾಗಿ ದೊಡ್ಡ ಫೋಟೋಗಳಿಗೆ ಬಣ್ಣ ಹಾಕಿಸಬೇಕಿತ್ತು.

"ನಮ್ಮ ಪೇಂಟರ್ ಒಳಗದಾರ, ಅವರನ್ನ ಕೇಳ್ರಿ" ಎಂದು ಸತ್ತಾರ್ ಸಾಬ್ ನಕ್ಕರು.

ಮೀರಾಹುಸೇನ ಪರದೆಯ ಹತ್ತಿರ ಬಂದ. "ಅಜ್ಜಾರ, ಕಣ್ಣು ಕಾಣ್ತಾವಿಲ್ರೀ? ನಲವತ್ತು ವರ್ಷ ಹೊಗಿ ಉಗುಳಿದ ಚಿಮಣಿ ಇದು. ಕರ್ರಗದ. ಮದುಮಗಳಂಗ ಸಿಂಗಾರ ಮಾಡೀರಲ್ಲ!"

ಒಳಗಿನಿಂದ ಬಳೆಗಳ ಸದ್ದು ಬಂತು. ಆಮೇಲೆ ಹೆಣ್ಣುದನಿ.

"ಕಣ್ಣು ಕಾಣ್ತಾವ್ರೀ. ಚಿಮಣಿ ಕಂಡಿಲ್ಲ."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಮಾಫ್ ಮಾಡ್ರೀ. ನಾ... ಅಜ್ಜಾರು ಅನ್ಕೊಂಡೆ."

"ಇರ್ಲಿ ಬಿಡ್ರಿ. ಈ ಊರಾಗೇ ಹುಟ್ಟೀನಿ. ಊರು ಹ್ಯಾಂಗದ ಅಂತ ಮಾತ್ರ ಗೊತ್ತಿಲ್ಲ. ಹೇಳಿಕೊಟ್ರ ತಿದ್ತೀನಿ."

ಅವನು ಹೇಳಿಕೊಡತೊಡಗಿದ. ವಾರಕ್ಕೊಮ್ಮೆ ಬಂದು ಪರದೆಯ ಈಚೆ ಸ್ಟೂಲ್ ಹಾಕಿಕೊಂಡು ಕೂಡುತ್ತಿದ್ದ. ಸತ್ತಾರ್ ಸಾಬ್ ಎದುರಿಗೇ ಇರುತ್ತಿದ್ದರು.

"ಈ ಗಿರಣಿ ಗ್ವಾಡಿ ಯಾವ ಬಣ್ಣ?"

"ಹಂಚಿನ ಮ್ಯಾಲ ಸ್ವಲ್ಪ ಸೀದ ಜ್ವಾಳದ ರೊಟ್ಟಿ ಇರ್ತದಲ್ರೀ, ಅದು."

"ನದಿ?"

"ಬ್ಯಾಸಗ್ಯಾಗ ಹುಣಸಿ ನೀರು. ಮಳಿಗಾಲದಾಗ ಬೆಲ್ಲದ ಪಾನಕ."

"ನಿಮಗ ಹಸಿವು ಆಗ್ಯದ ಏನ್ರೀ? ಎಲ್ಲಾ ತಿನ್ನೋದೇ ಹೇಳಾಕತ್ತೀರಿ."

ಅವನು ನಕ್ಕ. ಆ ನಗುವಿನ ಬಣ್ಣ ಯಾವುದಿರಬಹುದು ಎಂದು ಅವಳು ಪರದೆಯ ಹಿಂದೆ ಬಹಳ ಹೊತ್ತು ಯೋಚಿಸಿದಳು.

ಇಬ್ಬರ ಮನೆಯಲ್ಲೂ ಆಡುವುದು ದಖ್ಖನಿ ಉರ್ದು. ಅಂಗಡಿಯಲ್ಲಿ ಶುರುವಾದದ್ದರಿಂದ ಅವರಿಬ್ಬರ ಮಾತು ಮಾತ್ರ ಕನ್ನಡದಲ್ಲೇ ನಡೆಯಿತು, ಕನ್ನಡದಲ್ಲೇ ಉಳಿಯಿತು. ಅವನು "ಅನ್ವರಿ ಬೇಗಂ ಅವರಾ" ಎಂದು ಎಳೆದು ಕರೆದರೆ ಅವಳಿಗೆ ಕಿವಿಯ ಬುಡ ಬಿಸಿಯಾಗುತ್ತಿತ್ತು.

ಆ ಚಳಿಗಾಲದಲ್ಲಿ ಒಂದು ದಿನ ಕಂಪನಿಯ ಜೀಪು ಸಿಕ್ಕಿತು. ಅನ್ವರಿ ಒಮ್ಮೆ ನದಿ ನೋಡಲಿ, ಇಲ್ಲವಾದರೆ ಬಣ್ಣ ಸರಿಬರುವುದಿಲ್ಲ ಎಂದು ಮೀರಾಹುಸೇನ ಸತ್ತಾರ್ ಸಾಬರನ್ನು ಒಪ್ಪಿಸಿದ. ಜೊತೆಗೆ ಅವಳ ಸೋದರತ್ತೆ ನೂರ್ ಬೀ ಬಂದಳು.

ಅನ್ವರಿ ಮೊದಲ ಸಲ ಕೃಷ್ಣೆಯನ್ನು ಕಂಡಳು. ಆಚೆ ರೈಲು ಸೇತುವೆಯ ಕಲ್ಲಿನ ಕಂಬಗಳು, ಈಚೆ ಅರ್ಧ ಎದ್ದ ಹೊಸ ಚಿಮಣಿ. ಅದರ ತುದಿ ನೋಡಲು ಹೋಗಿ ಅವಳ ಕತ್ತು ನೋಯಿತು. ಚಿಮಣಿಯ ಕೆಳಗೆ, ನೀರಿನ ಅಂಚಿಗೆ, ಕೂಲಿಯವರ ಗುಡಿಸಲುಗಳ ಸಾಲು. ದೇವದುರ್ಗದ ಕಡೆಯಿಂದ ಕಾಂಕ್ರೀಟ್ ಹೊರಲು ಬಂದ ತಿಮ್ಮವ್ವ ಎಂಬಾಕೆ ತನ್ನೂರ ಹುಡುಗನನ್ನು ಗುರುತಿಸಿ, ಎಲ್ಲರಿಗೂ ಬೆಲ್ಲದ ಚಹಾ ಕೊಟ್ಟಳು.

"ಎಲ್ಲಾರದೂ ಫೋಟೋ ತೆಗಿತಿ. ನಂದೂ ಒಂದು ತೆಗಿಯೋ ಯಪ್ಪಾ. ನನ್ನ ಮನಿ ಮುಂದ."

ಮೀರಾಹುಸೇನ ನದಿ, ಚಿಮಣಿ, ಗುಡಿಸಲುಗಳೆಲ್ಲ ಬರುವಂತೆ ದೊಡ್ಡದೊಂದು ಫೋಟೋ ತೆಗೆದ. ಮುಂದೆ ನಡುವಿಗೆ ಕೈ ಕೊಟ್ಟು ತಿಮ್ಮವ್ವ ನಿಂತಿದ್ದಳು.

ನೂರ್ ಬೀ ಚಹಾ ಕುಡಿಯುತ್ತ ಅವಳೊಡನೆ ಹರಟೆಗೆ ಕೂತಾಗ, ನೀರಿನ ಹತ್ತಿರ ನಿಂತಿದ್ದ ಅನ್ವರಿಯ ಮುಖದ ಮೇಲಿನ ನಕಾಬು ಗಾಳಿಗೆ ಹಾರಿತು. ಅವಳು ತಡಬಡಿಸಿ ಹಿಡಿಯುವಷ್ಟರಲ್ಲಿ ಅವನು ನೋಡಿಬಿಟ್ಟಿದ್ದ.

"ತಡೀರಿ" ಎಂದ.

"ನೋಡಿದ್ರಲ್ಲ. ಇನ್ನೇನು ತಡೀಲಿ?"

"ಬೆಳಕು ಚಲೋ ಅದ."

"ತಮಾಷಿ ಮಾಡಬ್ಯಾಡ್ರಿ."

"ತಮಾಷಿ ಅಲ್ರೀ. ಬಿರುಕು ಬಿಟ್ಟ ಗ್ವಾಡಿ ಮುಚ್ಚಿ ನಾ ಎಂದೂ ಫೋಟೋ ತೆಗದಿಲ್ಲ. ಇದ್ದದ್ದು ಇದ್ದಂಗ ಕಾಣಬೇಕು."

"ನಾ ಗ್ವಾಡಿ ಏನ್ರೀ?"

"ಅಲ್ಲ. ಗ್ವಾಡಿ ಇಷ್ಟು ಜಗಳಾಡಂಗಿಲ್ಲ."

ಅವಳಿಗೆ ನಗು ಬಂತು. ಅಳುವೂ ಬಂತು. ಎರಡೂ ಒಟ್ಟಿಗೆ ಬಂದ ಆ ಮುಖವನ್ನು ಅವನು ಫೋಟೋ ತೆಗೆದ. ಅವಳು ಮುಚ್ಚಿಕೊಳ್ಳಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಒಬ್ಬ ಗಂಡಸು ಆ ಕೆನ್ನೆಯನ್ನು ಅಷ್ಟು ನಿಧಾನವಾಗಿ ನೋಡಿದ್ದು ಅದೇ ಮೊದಲು. ಮಚ್ಚೆಯ ಅಂಚಿನ ಮೇಲೆ ಅವನ ನೋಟ ಬೆರಳಿನ ಹಾಗೆ ಓಡಾಡಿತು. ತುಟಿಯ ತನಕ ಬಂದು ನಿಂತಿತು. ಮರಳಿ ಬರುವಾಗ ಜೀಪಿನ ಕುಲುಕಾಟದಲ್ಲೂ ಅವಳಿಗೆ ಆ ನೋಟದ್ದೇ ನೆನಪು.

ಆಮೇಲೆ ಪರದೆ ಅರ್ಧ ಸರಿಯಿತು. ಅವನು 'ನೀನು' ಎನ್ನತೊಡಗಿದ. ಸತ್ತಾರ್ ಸಾಬ್ ಎಲ್ಲ ಕಂಡೂ ಕಾಣದಂತೆ ಕ್ಯಾಮೆರಾ ಒರೆಸುತ್ತಿದ್ದರು. ಈ ಮಗಳನ್ನು ಕೇಳಿ ಯಾರಾದರೂ ಬಂದಾರೆಂಬ ಆಸೆಯನ್ನೇ ಅವರು ಬಿಟ್ಟಿದ್ದರು. ಈಗ ದಿನಾ ಸಂಜೆ ಅಂಗಡಿಗೆ ಬರುವಾಗ ಅತ್ತರು ಹಚ್ಚಿಕೊಳ್ಳತೊಡಗಿದರು.

ಎರಡು ವರ್ಷ ಹೀಗೇ ಕಳೆಯಿತು. ಊರು ಬದಲಾಗುತ್ತಲೇ ಇತ್ತು. ರೊಟ್ಟಿ ಬಣ್ಣದ ಗೋಡೆಯ ಗಿರಣಿ ಬಿತ್ತು. ಕಮಾನಿನ ಮನೆಗಳ ಜಾಗದಲ್ಲಿ ಸಿಮೆಂಟಿನ ಅಂಗಡಿಗಳು ಬಂದವು. ಬಿದ್ದದ್ದೆಲ್ಲ ಅನ್ವರಿಯ ಮೇಜಿನ ಮೇಲೆ ಬಣ್ಣ ತುಂಬಿಕೊಂಡು ಎದ್ದು ನಿಲ್ಲುತ್ತಿತ್ತು. ನಿಕಾಹ್ ಯಾವಾಗ ಎಂದು ಅವಳು ಕೇಳಲಿಲ್ಲ. ಕಂಪನಿಯಲ್ಲಿ ಕಾಯಂ ನೌಕರಿ ಸಿಕ್ಕೊಡನೆ ಅಮ್ಮಿಗೆ ಹೇಳುತ್ತೇನೆ ಎಂದು ಅವನೇ ಹೇಳಿದ್ದ.

ಪ್ರದರ್ಶನ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವನು ನದಿಯ ಆ ದೊಡ್ಡ ಫೋಟೋ ಹಿಡಿದು ಬಂದ. ಸ್ಟೂಲ್ ಮೇಲೆ ಕೂಡಲಿಲ್ಲ.

"ಇದರಾಗ ಗುಡಿಸಲಾ ಬ್ಯಾಡಂತ. ಮ್ಯಾನೇಜರ್ ಹೇಳ್ಯಾರ. ದೊಡ್ಡ ದೊಡ್ಡವರು ಬರ್ತಾರ, ನೋಡಾಕ ಚಂದ ಇರಂಗಿಲ್ಲ ಅಂತ. ಹುಲ್ಲು ಮಾಡಿಬಿಡು."

ಅನ್ವರಿ ಅವನ ಮುಖ ನೋಡಿದಳು. "ತಿಮ್ಮವ್ವ ಅದಾಳಲ್ರೀ ಇದರಾಗ."

"ಫೋಟೋದಾಗಿಂದ ತಗಿಯೋದು ಅನ್ವರಿ. ಖರೇಖರೇ ತಗೀತಾರೇನು?"

"ಇದ್ದದ್ದು ಇದ್ದಂಗ ಕಾಣಬೇಕು ಅಂತಿದ್ರಿ."

"ನೌಕರಿ ಇದರ ಮ್ಯಾಲ ನಿಂತದ. ಕ್ವಾರ್ಟರ್ಸ್ ಕೊಡ್ತಾರ. ನಾ ಯಾರ ಸಲುವಾಗಿ ಓಡಾಡಾಕತ್ತೀನಿ? ನಿನ್ನ ಸಲುವಾಗೇ ಅಲ್ಲೇನು?"

ಆ ಕೊನೆಯ ಮಾತು ಸಾಕಾಯಿತು. ಅವಳು ಬ್ರಷ್ ತೆಗೆದುಕೊಂಡಳು. ಒಂದೊಂದೇ ಗುಡಿಸಲು ಹುಲ್ಲಾಯಿತು. ತಿಮ್ಮವ್ವನನ್ನು ಕೊನೆಗೆ ಉಳಿಸಿಕೊಂಡಳು. ಮೊದಲು ಕಾಲು ಅಳಿಸಿದಳು, ಆಮೇಲೆ ನಡುವಿನ ಮೇಲಿಟ್ಟ ಕೈ. ಮುಖಕ್ಕೆ ಬರುವಾಗ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಆದರೆ ಕಣ್ಣು ಮುಚ್ಚಿ ಮಾಡುವ ಕೆಲಸ ಅದಲ್ಲ. ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ, ಅಲ್ಲಿ ಒಬ್ಬ ಹೆಂಗಸು ಇದ್ದಳೆಂದು ಯಾರೂ ಹೇಳಲಾರರು.

ಪ್ರದರ್ಶನ ಮುಗಿದ ಮೇಲೆ ತಿಮ್ಮವ್ವ ಸ್ಟುಡಿಯೋ ಹುಡುಕಿಕೊಂಡು ಬಂದಳು. ತಲೆಯ ಮೇಲೆ ಗಂಟಿತ್ತು. ದಂಡೆಯ ಮೇಲಿದ್ದ ಗುಡಿಸಲುಗಳನ್ನೆಲ್ಲ ಹಿಂದಿನ ವಾರವೇ ಕಿತ್ತು ಹಾಕಿದ್ದರು.

"ಫೋಟೋ ನೋಡಾಕ ಹೋಗಿದ್ದೆ ಯವ್ವಾ. ನಾ ಅಲ್ಲೇ ನಿಂತಿದ್ನಲ್ಲ? ಎಷ್ಟು ಹುಡುಕಿದ್ರೂ ಸಿಗವಲ್ಲೆ. ಎಲ್ಲಿ ಹೋದೆ ನಾನು?" ಎಂದು ನಕ್ಕಳು. ಅವಳ ನಗುವಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅನ್ವರಿಗೆ ತಲೆ ಎತ್ತಲಾಗಲಿಲ್ಲ. ಹಳೇ ನೆಗೆಟಿವ್ ಹುಡುಕಿ ಒಂದು ಪ್ರತಿ ಮಾಡಿ ಕೊಟ್ಟಳು. ತಿಮ್ಮವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ದೇವದುರ್ಗದ ಬಸ್ಸಿಗೆ ಹೋದಳು.

ಮೀರಾಹುಸೇನನಿಗೆ ನೌಕರಿಯಾಯಿತು. ಕ್ವಾರ್ಟರ್ಸ್ ಕೂಡ ಸಿಕ್ಕಿತು. ಈಗ ಅಮ್ಮಿಗೆ ಹೇಳುವ ಹೊತ್ತು. ಅವನ ತಾಯಿ ಹಸೀನಾ ಬೇಗಂ ದೇವದುರ್ಗದ ಸಂತೆಯಲ್ಲಿ ಬಳೆ ಮಾರಿ ಮಗನನ್ನು ಬೆಳೆಸಿದ ಹೆಂಗಸು. ಹುಡುಗಿಯ ಫೋಟೋ ಕಳಿಸೆಂದು ಹೇಳಿದ್ದಳು.

ನದಿ ದಂಡೆಯಲ್ಲಿ ತೆಗೆದ ಆ ಮುಖದ ಫೋಟೋವನ್ನು ಅವನು ಅನ್ವರಿಯ ಮೇಜಿನ ಮೇಲಿಟ್ಟ. ನಗುವೂ ಅಳುವೂ ಸೇರಿದ ಆ ಮುಖದಲ್ಲಿ ಮಚ್ಚೆ ಬೆಳಕಿಗೆ ಹೊಳೆಯುತ್ತಿತ್ತು.

"ಇದೊಂದು ಮಾಡಿಬಿಡು" ಎಂದ.

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ, "ಬಣ್ಣ ಹಾಕಬೇಕೇನ್ರೀ?" ಎಂದು ಬೇಕೆಂದೇ ಕೇಳಿದಳು.

"ಅನ್ವರಿ... ಅಮ್ಮಿ ಹಳೇ ಮಂದಿ. ಮೊದಲು ಇಷ್ಟಪಡ್ಲಿ. ಆಮ್ಯಾಲ ನಾನೇ ಕುಂಡ್ರಿಸಿ ಎಲ್ಲಾ ಹೇಳ್ತೀನಿ. ಅವರು ನಿನ್ನ ನೋಡಾಕ ಬರೋ ಹೊತ್ತಿಗೆ ಹೇಳಿರ್ತೀನಿ."

"ಖರೆ?"

"ಅಲ್ಲಾನ ಮ್ಯಾಲ ಆಣಿ."

ಪ್ರೀತಿಸಿದವನ ಎದುರಿಗೆ ಕೂತು ಅವಳು ತನ್ನ ಕೆನ್ನೆಯನ್ನು ಅಳಿಸಿದಳು. ಅವನು ಬಗ್ಗಿ ನೋಡುತ್ತ, "ಇಲ್ಲಿ ಸ್ವಲ್ಪ ಉಳದದ ನೋಡು, ತುಟಿ ಹತ್ರ" ಎಂದು ಬೆರಳು ತೋರಿಸಿದ. ಅವಳು ಅದನ್ನೂ ಅಳಿಸಿದಳು. ಮೇಲೆ ಮೈಬಣ್ಣ ಸವರಿದಳು. ಕೊನೆಗೆ ಆ ಹುಡುಗಿ ಎಷ್ಟು ಚೆಲುವೆಯಾಗಿ ಕಂಡಳೆಂದರೆ, ಮೀರಾಹುಸೇನ ಒಂದು ಕ್ಷಣ ಫೋಟೋವನ್ನೇ ನೋಡುತ್ತ ನಿಂತುಬಿಟ್ಟ. ಪಕ್ಕದಲ್ಲಿದ್ದವಳನ್ನು ಮರೆತ. ಅನ್ವರಿ ಅದನ್ನು ಕಂಡಳು.

ಒಂದು ಶುಕ್ರವಾರ ದೇವದುರ್ಗದಿಂದ ಹೆಂಗಸರು ಬಂದರು. ಸತ್ತಾರ್ ಸಾಬ್ ಮನೆಗೆ ಸುಣ್ಣ ಬಳಿಸಿದ್ದರು. ಹಸೀನಾ ಬೇಗಂ ಮಿಠಾಯಿಯ ತಾಟು, ಹಸಿರು ಬಳೆ ತಂದಿದ್ದಳು. ಮುಖಕ್ಕೆ ಪೌಡರ್ ಹಚ್ಚೆಂದು ನೂರ್ ಬೀ ಎಷ್ಟು ಬೇಡಿಕೊಂಡರೂ ಅನ್ವರಿ ಹಚ್ಚಿಕೊಳ್ಳಲಿಲ್ಲ. "ಅವರಿಗೆ ಗೊತ್ತದ ಫುಪ್ಪಿ. ಹೇಳ್ಯಾರ" ಎಂದಳು.

ಹಸೀನಾ ಬೇಗಂ ಪ್ರೀತಿಯಿಂದಲೇ ಅವಳ ತಲೆಯ ಮೇಲಿನ ದುಪಟ್ಟಾ ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತಿತು.

ಬಂದವರಲ್ಲಿ ಒಬ್ಬಳು ತನ್ನ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು.

ಹಸೀನಾ ಬೇಗಂ ಬಾಗಿಲ ಹೊರಗೆ ಗಂಡಸರ ಜೊತೆ ಕೂತಿದ್ದ ಮಗನನ್ನು ಕರೆದಳು. ಅನ್ವರಿಯ ಕೆನ್ನೆ ತೋರಿಸಿ ಕೇಳಿದಳು, ನಿನಗಿದು ಗೊತ್ತಿತ್ತೇ?

ಅನ್ವರಿ ತಲೆ ಎತ್ತಿ ಅವನನ್ನು ನೋಡಿದಳು. ಹೆದರಿಕೆಯಿರಲಿಲ್ಲ. ಈಗ ಹೇಳುತ್ತಾನೆ ಎಂದು ಕಾದಳು.

"ಮೇರೆಕು ಮಾಲೂಮ್ ನೈ ಥಾ, ಅಮ್ಮಿ" ಎಂದ ಮೀರಾಹುಸೇನ. ನನಗೆ ಗೊತ್ತಿರಲಿಲ್ಲ. ಅವಳ ಎದುರಿಗೆ ಅವನು ದಖ್ಖನಿ ಆಡಿದ್ದು ಅದೇ ಮೊದಲು. ಯಾರೋ ಬೇರೆಯವರು ಮಾತಾಡಿದಂತಾಯಿತು. ತಾಯಿ ಇನ್ನೂ ನೋಡುತ್ತಲೇ ಇದ್ದುದರಿಂದ ಅವನು ಇನ್ನೂ ಒಂದು ಮಾತು ಸೇರಿಸಿದ. ತಾನು ಪರದೆಯ ಈಚೆ ಇರುತ್ತಿದ್ದೆ, ಮುಖವನ್ನೇ ನೋಡಿಲ್ಲ, ಫೋಟೋ ತಿದ್ದುವುದು ಆಕೆಯದೇ ಕೆಲಸ ಎಂದ.

ಸತ್ತಾರ್ ಸಾಬ್ ಗೋಡೆ ಹಿಡಿದು ನಿಂತರು. ಹೊರಡುವಾಗ ಬಂದವರಲ್ಲಿ ಒಬ್ಬಳು ಮಿಠಾಯಿಯ ತಾಟನ್ನು ಮರೆಯದೆ ಎತ್ತಿಕೊಂಡಳು.

ಸುದ್ದಿ ತೀನ್ ಕಂದೀಲಿಂದ ಸ್ಟೇಷನ್ ತನಕ ಹಬ್ಬಿತು. ತೊನ್ನು ಮುಚ್ಚಿ ಮಗಳನ್ನು ದಾಟಿಸಲು ಹೋಗಿದ್ದರಂತೆ. ಮದುವೆಯ ಫೋಟೋಗಳು ಬರುವುದು ನಿಂತಿತು. ನದಿ ದಂಡೆಯಲ್ಲಿ ಅವನೇ ತೆಗೆದ, ಮಚ್ಚೆ ಕಾಣುವ ಆ ಮುಖದ ನೆಗೆಟಿವ್ ಇನ್ನೂ ಅಂಗಡಿಯಲ್ಲೇ ಇತ್ತು. ಅದನ್ನು ದೇವದುರ್ಗಕ್ಕೆ ಒಯ್ದು ಅವನ ಸುಳ್ಳನ್ನು ಬಯಲು ಮಾಡುತ್ತೇನೆಂದು ಸತ್ತಾರ್ ಸಾಬ್ ಎದ್ದರು. ಅನ್ವರಿ ಬಿಡಲಿಲ್ಲ.

"ಫೋಟೋ ಹೇಳೋದು ಬ್ಯಾಡ ಅಬ್ಬಾ. ಅವರ ಬಾಯಿಂದ ಬರಬೇಕು. ನಾನೇ ಹೋಗ್ತೀನಿ."

ರಮಜಾನ್ ಕಳೆದ ಮೇಲೆ ನೂರ್ ಬೀಯನ್ನು ಕರೆದುಕೊಂಡು ದೇವದುರ್ಗಕ್ಕೆ ಹೋದಳು. ಹಸೀನಾ ಬೇಗಂ ಮನೆಯ ಕಟ್ಟೆಯ ಮೇಲೆ ಒಡೆದ ಬಳೆಗಳನ್ನು ಬೇರೆ ಮಾಡುತ್ತ ಕೂತಿದ್ದಳು. ಸಂತೆಯ ರೂಢಿ, ಮಾತು ಕನ್ನಡದಲ್ಲೇ ಬಂತು.

"ಕೂಡು ಬಾ. ನೀನು ಬರ್ತಿ ಅಂತ ಗೊತ್ತಿತ್ತು."

"ನಾ ಮೋಸ ಮಾಡಿಲ್ರೀ. ಅವರು ನನ್ನ ನೋಡಿದ್ರು. ಅವರೇ ಅಳಿಸು ಅಂದ್ರು. ಅಷ್ಟು ಹೇಳಾಕ ಬಂದೀನಿ."

"ಗೊತ್ತದ" ಎಂದಳು ಹಸೀನಾ ಬೇಗಂ. "ಸಣ್ಣಂದಿನಿಂದ ಸಾಕೀನಿ. ಸುಳ್ಳು ಹೇಳುವಾಗ ಅವನ ದನಿ ಸಣ್ಣ ಆಗ್ತದ. ಅವತ್ತೇ ಗೊತ್ತಾತು."

"ಗೊತ್ತಾಗಿಯೂ ಸುಮ್ಮನಿದ್ರಿ?"

"ನಾ ಕಾಯಾಕತ್ತಿದ್ದೆ ಬೇಟಿ. 'ಗೊತ್ತಿತ್ತು ಅಮ್ಮಿ, ಇವಳೇ ಬೇಕು' ಅಂತ ಒಂದು ಮಾತು ಅಂತಾನೇನೋ ಅಂತ. ಅಂದಿದ್ರ ಜಗಳಾಡ್ತಿದ್ದೆ, ಅಳ್ತಿದ್ದೆ, ಎರಡು ದಿನ ಉಣ್ತಿರಲಿಲ್ಲ. ಆಮ್ಯಾಲ ಒಪ್ತಿದ್ದೆ. ಒಬ್ಬನೇ ಮಗ, ಬಿಟ್ಟು ಎಲ್ಲಿಗೆ ಹೋಗಲಿ? ನನ್ನ ಸಲುವಾಗಿ ಅವನು ನಿನ್ನ ಬಿಡಲಿಲ್ಲ, ನಾ ಬಿಡು ಅಂದೇ ಇಲ್ಲ. ನಾ ಕೇಳಿದ್ದು ಒಂದೇ ಮಾತು. ಅಷ್ಟಕ್ಕೇ ಬಿಟ್ಟ. ಅಂಥವನ ಕೈಯಾಗ ನಿನ್ನ ಕೊಡಿಸಿ ನಾ ಏನು ಮಾಡ್ಲಿ?"

ಕೈಯಲ್ಲಿದ್ದ ಬಳೆಯ ಚೂರನ್ನು ಬುಟ್ಟಿಗೆ ಹಾಕಿ ಹಸೀನಾ ಬೇಗಂ ಮುಂದುವರಿಸಿದಳು. "ಮಾನ್ವಿ ಕಡೆ ಒಂದು ಹುಡುಗಿ ಗೊತ್ತಾಗ್ಯದ. ಬಕ್ರೀದ್ ಆದ ಮ್ಯಾಲ ನಿಕಾಹ್. ಅವನೇ ಹೂಂ ಅಂದಾನ."

ಅಷ್ಟರಲ್ಲಿ ಮೀರಾಹುಸೇನ ಬಂದ. ರಜೆಯ ಮೇಲೆ ಊರಿಗೆ ಬಂದಿದ್ದ. ಅವಳನ್ನು ಬುರ್ಖಾದಲ್ಲೇ ಗುರುತಿಸಿದ. ಕೈಯಲ್ಲಿದ್ದ ಚೀಲ ಕೆಳಗಿಟ್ಟ. ತಾಯಿ ತಲೆ ಎತ್ತದೆ, "ಬಸ್ ಸ್ಟ್ಯಾಂಡ್ ತನಕ ಬಿಟ್ಟು ಬಾ" ಎಂದಳು.

ದಾರಿಯುದ್ದಕ್ಕೂ ಅವನು ಒಂದು ಹೆಜ್ಜೆ ಹಿಂದೆಯೇ ನಡೆದ. ನೂರ್ ಬೀ ಸೀಟು ಹಿಡಿಯಲೆಂದು ಬಸ್ ಹತ್ತಿದ ಮೇಲೆ ಅವನು ಬಾಯಿ ಬಿಚ್ಚಿದ.

"ಅನ್ವರಿ, ನಾ ಹೇಡಿ. ಗೊತ್ತದ. ಅಷ್ಟು ಮಂದಿ ಮುಂದ ನಾಲಿಗಿ ಏಳಲಿಲ್ಲ. ನಿನ್ನಷ್ಟು ಯಾರನ್ನೂ ಪ್ರೀತಿ ಮಾಡಿಲ್ಲ, ಮಾಡಂಗೂ ಇಲ್ಲ. ಹಗಲೂ ರಾತ್ರಿ ಅದೇ ಮುಖ ಕಣ್ಣ ಮುಂದ ಬರ್ತದ."

ಅವಳು ಇದನ್ನು ಕೇಳಲೆಂದೇ ಬಂದಿದ್ದಳು. ಕೇಳಿದಳು. ಎದೆಯೊಳಗೆ ಎಲ್ಲವೂ ಅವನ ಕಡೆಗೇ ವಾಲಿತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಇಷ್ಟಾದ ಮೇಲೂ ಅವನ ದನಿಗೆ ಕಿವಿಯ ಬುಡ ಬಿಸಿಯಾಗುವುದು ನಿಂತಿರಲಿಲ್ಲ.

"ಈ ಮಾತು ಅಮ್ಮಿ ಮುಂದ ಹೇಳ್ತೀರೇನು? ಮನಿ ದೂರ ಇಲ್ಲ. ಈಗೇ ಹೋಗೋಣು."

ಅವನು ಮನೆಯ ದಾರಿಯ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ಮಾನ್ವಿಯವರಿಗೆ ಮಾತು ಕೊಟ್ಟಾಗ್ಯದ" ಎಂದ. ದನಿ ಸಣ್ಣದಾಗಿತ್ತು.

ಡ್ರೈವರ್ ಎಂಜಿನ್ ಶುರು ಮಾಡಿದ. ಕಂಡಕ್ಟರ್ "ರಾಯಚೂರ, ರಾಯಚೂರ" ಎಂದು ಕೂಗಿದ.

"ಹೋಗೋ ಮುಂದ ಒಂದ್ಸಲ ಮುಖ ತೋರಿಸು" ಎಂದ ಮೀರಾಹುಸೇನ. ಅವನ ಕಣ್ಣು ತುಂಬಿದ್ದವು, ನಾಟಕದ ನೀರಲ್ಲ. "ಒಂದೇ ಸಲ. ಇನ್ನೇನೂ ಕೇಳಂಗಿಲ್ಲ."

ಅನ್ವರಿಯ ಕೈ ನಕಾಬಿನ ತನಕ ಹೋಯಿತು. ಬೆರಳುಗಳು ಅಂಚನ್ನು ಹಿಡಿದವು. ಅವಳು ನಕಾಬನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

"ನೀವು ನನ್ನ ಮುಖ ನೋಡೇ ಇಲ್ಲಲ್ರೀ" ಎಂದಳು ಮೆಲ್ಲಗೆ. "ಹಾಂಗೇ ಇರ್ಲಿ. ಒಂದಾದ್ರೂ ಮಾತು ಖರೆ ಆಗ್ಲಿ."

ಬಸ್ ಹತ್ತಿ ನೂರ್ ಬೀ ಪಕ್ಕದಲ್ಲಿ ಕೂತಳು. ಕಿಟಕಿಯ ಆಚೆ ಅವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಬಂದ, ಒಂದು ಕೈ ತಗಡಿನ ಮೇಲಿಟ್ಟು ಏನೋ ಹೇಳಿದ. ಎಂಜಿನ್ ಸದ್ದಿಗೆ ಕೇಳಿಸಲಿಲ್ಲ. ಅವಳು ತಿರುಗಿ ನೋಡಲಿಲ್ಲ.

ಊರ ಹೊರಗಿನ ಜೋಳದ ಹೊಲ ಬರುವ ತನಕ ತಡೆದುಕೊಂಡಳು. ಆಮೇಲೆ ತಡೆಯಲಿಲ್ಲ. ನೂರ್ ಬೀ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ರಾಯಚೂರು ಬರುವಷ್ಟರಲ್ಲಿ ನಕಾಬು ಪೂರ್ತಿ ನೆನೆದು, ಕೆನ್ನೆಗೆ ಅಂಟಿಕೊಂಡಿತ್ತು.